ಮಧುಗಿರಿ ಗರಸಿನ ಮೇಲೆ ನಾಲ್ಕು ದಿನ

ಮಂಗಳವಾರ: ಕ್ಯಾತ್ಸಂದ್ರ, ಕೊರಟಗೆರೆ, ಮಧುಗಿರಿ

ಸಂಕ್ರಾಂತಿ ಕಳೆದು ವಾರವಾಗಿತ್ತು. ಬೆಳಗಿನ ಐದಕ್ಕೆ ಬೆಂಗಳೂರು ಬಿಟ್ಟರೂ ಡಾಬಸ್‌ಪೇಟೆ ದಾಟುವವರೆಗೆ ಮಂಜು. ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ಆ ಲಾರಿಯೊಳಗೆ ಟಾರ್ಪಾಲು ಹೊದ್ದ ಹೊಸ ರ‍್ಯಾಲಿ ಕಾರು, ಸೀಸನ್ನಿಗೆ ಮುಂಚೆ ಹಳ್ಳಿ ರಸ್ತೆಯಲ್ಲಿ ಓಡಿಸಿ ಟೆಸ್ಟ್ ಮಾಡಲು. ಅದರ ಬೆನ್ನಿಗೆ ಬಿಡಿಭಾಗದ ವ್ಯಾನು, 24 ಟೈರು ಹೊತ್ತ ಪಿಕಪ್, ಆಂಬುಲೆನ್ಸ್, ಜನ ತುಂಬಿದ ಎರಡು ಜೀಪು. ಕಾರಿನ ಮೈಮೇಲೆ ಒಂದು ಸ್ಟಿಕ್ಕರ್ ಕೂಡ ಇಲ್ಲ. ಈ ಸೀಸನ್ನಿಗೆ ಇಳಿಸಲಿರುವ ಕಾರಿನ ಬಗ್ಗೆ ಕಂಪನಿ ಇನ್ನೂ ಬಾಯಿಬಿಟ್ಟಿಲ್ಲ, ಹಾಗಾಗಿ ಇಲ್ಲೂ ಹೆಸರು ಬರುವುದಿಲ್ಲ. ಟರ್ಬೊ ಪೆಟ್ರೋಲ್ ಇಂಜಿನ್, ಮುಂದಿನ ಚಕ್ರಗಳ ಎಳೆತ, ಡಾಗ್ ಬಾಕ್ಸ್ ಎಂಬ ಐದು ಗೇರಿನ ಓಟದ ಗೇರ್‌ಬಾಕ್ಸ್, ಎರಡು ಚಕ್ರಗಳಿಗೆ ಎಳೆತ ಹಂಚುವ ಪ್ಲೇಟ್ ಮಾದರಿಯ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಒಳಗೆ ರೋಲ್ ಕೇಜ್ ಎಂಬ ಉಕ್ಕಿನ ಗೂಡು, ಹೊಟ್ಟೆಯಡಿ 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಗಾರ್ಡ್. ಇಷ್ಟು ಗೊತ್ತಿದ್ದರೆ ಸಾಕು.

ಕ್ಯಾತ್ಸಂದ್ರದಲ್ಲಿ ನಿಲ್ಲಿಸದೆ ಹೋದರೆ ಮೆಕ್ಯಾನಿಕ್‌ಗಳು ದಿನವಿಡೀ ಮುಖ ಕೊಟ್ಟು ಮಾತಾಡುವುದಿಲ್ಲ. ಏಳರೊಳಗೆ ಹೋದರೆ ತಟ್ಟೆ ಇಡ್ಲಿ ಹಬೆಯಾಡುತ್ತಲೇ ಎಲೆಗೆ ಬರುತ್ತದೆ, ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಕೆಂಪು ಚಟ್ನಿ. ಎಂಟಾಯಿತೆಂದರೆ ಸಾಲು. ಉದ್ದ ಲಾರಿ ಇದ್ದವರು ಹೋಟೆಲ್ ಮುಂದೆ ತಿರುಗಿಸುವ ಸಾಹಸ ಮಾಡದೆ, ಸರ್ವಿಸ್ ರಸ್ತೆಯಲ್ಲೇ ಇನ್ನಷ್ಟು ಮುಂದಕ್ಕೆ ಹೋಗಿ ನಿಲ್ಲಿಸಿ ನಡೆದು ಬರುವುದು ಮೇಲು.

ಕೊರಟಗೆರೆ ದಾಟಿದ ಮೇಲೆ ಬಂಡೆಗಳು ಎದ್ದು ನಿಲ್ಲುತ್ತವೆ, ಕೊನೆಗೆ ಮಧುಗಿರಿಯ ಏಕಶಿಲೆ. ಹತ್ತುವವರಿಗೆ ಅದು ಕೋಟೆ. ಟೆಸ್ಟಿಗೆ ಬಂದವರಿಗೆ ರಸ್ತೆಯ ತಾಯಿ. ರಾಮನಗರದ ಕಡೆಯಿಂದ ಮಾಗಡಿ ಹಾದು ಪಾವಗಡದಾಚೆಗೂ ಹಬ್ಬಿದ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಯ ಕಲ್ಲು ಇದು. ಬಿಸಿಲು ಮಳೆಗೆ ಸವೆದು ಉದುರಿದರೆ ಜೇಡಿಯಾಗುವುದಕ್ಕೆ ಮುಂಚೆ ಗರಸಾಗುತ್ತದೆ: ಸಾಸಿವೆಯಿಂದ ಕಡಲೆಕಾಳಿನ ಗಾತ್ರದವರೆಗಿನ ಚೂಪು ಹರಳು. ಅಡಿಯಲ್ಲಿ ಸಿಮೆಂಟಿನಂಥ ಗಟ್ಟಿ ನೆಲ, ಮೇಲೆ ಒಂದೆರಡು ಬೆರಳು ಸಡಿಲ ಗರಸು. ಟೈರಿಗೆ ಇದು ಗೋಲಿ ಹರಡಿದ ಜಗಲಿ. ಬ್ರೇಕ್ ಒತ್ತಿದರೆ ಟೈರು ಹರಳನ್ನು ಹಿಡಿಯುತ್ತದೆ, ಹರಳು ನೆಲವನ್ನು ಹಿಡಿಯುವುದಿಲ್ಲ.

ಟೆಸ್ಟಿಗೆ ಹುಡುಕುವ ರಸ್ತೆ ಚೆನ್ನಾಗಿರಬೇಕೆಂದಿಲ್ಲ, ಅದರಲ್ಲಿ ಎಲ್ಲವೂ ಇರಬೇಕು. ಉದ್ದ 4ರಿಂದ 6 ಕಿ.ಮೀ. ಅದಕ್ಕಿಂತ ಗಿಡ್ಡವಾದರೆ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಎಣ್ಣೆ ಕಾಯುವುದೇ ಇಲ್ಲ. ಉದ್ದವಾದರೆ ಅಡ್ಡದಾರಿಗಳನ್ನು ಕಾಯಲು ಜನ ಸಾಲುವುದಿಲ್ಲ. ಒಂದೆರಡು ಹೇರ್‌ಪಿನ್, ನಾಲ್ಕನೇ ಗೇರಿನ ಉದ್ದ ತಿರುವು, ಕಾರು ನೆಲ ಬಿಡುವ ಒಂದು ದಿಬ್ಬ, ಅರ್ಧ ಕಿ.ಮೀ.ನಷ್ಟು ಹದಗೆಟ್ಟ ತುಂಡು, ಎರಡೂ ತುದಿಯಲ್ಲಿ ಲಾರಿ ತಿರುಗುವ ಜಾಗ, ಇಪ್ಪತ್ತು ನಿಮಿಷದ ದೂರದಲ್ಲಿ ಆಸ್ಪತ್ರೆ. ಮಧುಗಿರಿ ತಾಲ್ಲೂಕಿನಲ್ಲಿ ಇಂಥ ರಸ್ತೆ ಹಲವು ಸಿಗುತ್ತವೆ. ಮೈದನಹಳ್ಳಿ ಕಡೆಯ ಬಯಲು ನಕ್ಷೆಯಲ್ಲಿ ಆಸೆ ಹುಟ್ಟಿಸುವಂತಿದ್ದರೂ ಅಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವಿದೆ. ಅದರ ಸುತ್ತ ಕೈ ಹಾಕದಿರುವುದು ಮೊದಲ ನಿಯಮ. ಕೊನೆಗೆ ಆರಿಸಿಕೊಂಡದ್ದು ಎರಡು ಹಳ್ಳಿ ನಡುವಿನ 5.2 ಕಿ.ಮೀ. ಪಂಚಾಯಿತಿ ರಸ್ತೆ. ಕೆರೆ ಏರಿಗೆ 200 ಮೀಟರ್ ಇರುವಾಗಲೇ ಫಿನಿಶ್ ಗೆರೆ. ಏರಿಯ ಮೇಲೆ ಎಷ್ಟೇ ಅಗಲ ಕಂಡರೂ ರ‍್ಯಾಲಿ ಕಾರು ಓಡಿಸಬಾರದು, ಜಾರಿದರೆ ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ.

ಪಂಚಾಯಿತಿ, ತಹಶೀಲ್ದಾರ್, ಪೊಲೀಸ್, ಮೂರೂ ಕಡೆಯ ಒಪ್ಪಿಗೆ ಕಾಗದ ಕೈಲಿತ್ತು. ಆದರೆ ಕಾಗದ ನೋಡಿ ಎಮ್ಮೆ ದಾರಿ ಬಿಡುವುದಿಲ್ಲ. ರಸ್ತೆಗೆ ಸೇರುವ ಬಂಡಿದಾರಿ, ಕಾಲುದಾರಿ ಎಣಿಸಿದರೆ ಹನ್ನೊಂದು. ಪ್ರತಿಯೊಂದಕ್ಕೂ ಸೀಟಿ, ವಾಕಿಟಾಕಿ, ಕೆಂಪು ಬಾವುಟ ಕೊಟ್ಟು ಅದೇ ಊರಿನ ಹುಡುಗನನ್ನು ನಿಲ್ಲಿಸಬೇಕು. ಯಾರ ದನ ಎಷ್ಟೊತ್ತಿಗೆ ಎಲ್ಲಿಂದ ಇಳಿಯುತ್ತದೆ ಅನ್ನುವುದು ಬೆಂಗಳೂರಿನಿಂದ ಬಂದವನಿಗೆ ತಿಳಿಯದು. ಡೈರಿಗೆ ಹಾಲು ಹಾಕುವ ಹೊತ್ತು ಬೆಳಿಗ್ಗೆ ಎಂಟರವರೆಗೆ, ಸಂಜೆ ಐದೂವರೆಯ ಮೇಲೆ. ಅದನ್ನು ಬಿಟ್ಟು 9ರಿಂದ 12.30, 2ರಿಂದ 5, ಇಷ್ಟೇ ರಸ್ತೆ ಬಂದ್. ಸಂಜೆ ಆಟೋಗೆ ಮೈಕು ಕಟ್ಟಿ ಎರಡೂ ಊರಲ್ಲಿ ಸಾರಿಸಿದ್ದಾಯಿತು.

ಸುಲಭಕ್ಕೆ ಕಾಣದ ಕಲ್ಲುಗಳಿಗೆ ಸುಣ್ಣ ಬಳಿಯುತ್ತ ನಡೆಯುವಾಗ ಒಬ್ಬ ಅಜ್ಜ ಕುರಿ ನಿಲ್ಲಿಸಿಕೊಂಡು ಕೇಳಿದರು, “ಏನ್ ಸಾಮಿ, ಟಾರ್ ಹಾಕ್ತೀರಾ?”

“ಇಲ್ಲ ಯಜಮಾನ್ರೇ, ಕಾರು ಓಡ್ಸಿ ನೋಡ್ತೀವಿ.”

“ಇದ್ರಾಗೆ ಓಡ್ಸಿ ಏನ್ ನೋಡ್ತೀರಪ್ಪ? ನಾವು ದಿನಾ ನೋಡ್ತಾ ಇಲ್ವಾ?”

ಟೆಸ್ಟ್ ಮುಗಿದ ಮೇಲೆ ರಸ್ತೆಯನ್ನು ಮೊದಲಿಗಿಂತ ಸಮ ಮಾಡಿಕೊಡುತ್ತೇವೆ ಅಂದದ್ದಕ್ಕೆ ಅವರು ತಲೆಯಾಡಿಸಿದರು. ನಂಬಿದರೆಂದು ಹೇಳಲಾಗದು.

ಬುಧವಾರ: ಕಣದ ಮಟ್ಟ

ಹೊಸ ಕಾರಿನ ಮೊದಲ ಕೆಲಸ ಓಟವಲ್ಲ, ಅಳತೆ. ಅಳತೆಗೆ ಮಟ್ಟಸ ನೆಲ ಬೇಕು, ಹಳ್ಳಿಯಲ್ಲಿ ಅಂಥ ನೆಲವೆಂದರೆ ಸಿಮೆಂಟಿನ ಕಣ. ಹುರುಳಿ ಬಡಿದು ಮುಗಿದು, ರಾಗಿ ಮೆದೆ ಇನ್ನೂ ಬಿಚ್ಚದ ನಡುವಿನ ವಾರವಾದ್ದರಿಂದ ಕಣ ಖಾಲಿಯಿತ್ತು. ಗಾರೆಯವರು ಬಳಸುವ ನೀರಿನ ಟ್ಯೂಬ್ ಹಿಡಿದು ನೋಡಿದರೆ ಒಂದು ಮೂಲೆ 7 ಮಿ.ಮೀ. ತಗ್ಗು. ಕಣ್ಣಿಗೆ ಕಾಣದಷ್ಟು ಇದು. ಆದರೆ ನಾಲ್ಕು ಚಕ್ರದ ತೂಕದ ಹಲಗೆಗಳನ್ನು ಹಾಗೆಯೇ ಇಟ್ಟರೆ ಮೂಲೆಯಿಂದ ಮೂಲೆಗೆ ತೂಕದ ಲೆಕ್ಕ ತಪ್ಪುತ್ತದೆ, ಆಮೇಲೆ ಕಾರು ಎಡಕ್ಕೊಂದು ಥರ ಬಲಕ್ಕೊಂದು ಥರ ತಿರುಗುತ್ತದೆ, ಕಾರಣ ಹುಡುಕುತ್ತ ಅರ್ಧ ದಿನ ಹೋಗುತ್ತದೆ. ಪ್ಲೈವುಡ್ ತುಂಡು ಕೊಟ್ಟು ಮಟ್ಟ ಮಾಡಿ, ಡ್ರೈವರ್, ಪಕ್ಕದಲ್ಲಿ ದಾರಿ ಹೇಳುವ ಕೋ-ಡ್ರೈವರ್ ಇಬ್ಬರನ್ನೂ ಹೆಲ್ಮೆಟ್ ಸಮೇತ ಒಳಗೆ ಕೂರಿಸಿ ತೂಗಿದ್ದಾಯಿತು. ಮುಂದಿನ ಚಕ್ರದ ಕ್ಯಾಂಬರ್, ಅಂದರೆ ನಿಲುವಿನ ಓರೆ, ಮೈನಸ್ 1.5 ಡಿಗ್ರಿ, ಟೋ, ಅಂದರೆ ಚಕ್ರದ ಮುಖದ ಓರೆ, ಹೊರಕ್ಕೆ 1 ಮಿ.ಮೀ., 15 ಇಂಚಿನ ಗ್ರಾವೆಲ್ ಟೈರಿಗೆ ತಣ್ಣಗಿದ್ದಾಗ 26 ಪಿಎಸ್‌ಐ ಗಾಳಿ. ಇದು ಮೂಲ ಸೆಟಪ್. ಇನ್ನು ಮೂರು ದಿನ ಏನೇ ಬದಲಾಯಿಸಿದರೂ ತಿರುಗಿ ಬರಬೇಕಾದದ್ದು ಇಲ್ಲಿಗೇ.

ಮೊದಲ 30 ಕಿ.ಮೀ. ಅರ್ಧ ವೇಗ. ಹೊಸ ಡ್ಯಾಂಪರಿನ ಸೀಲು ಕೂರಬೇಕು. ಬ್ರೇಕ್ ಪ್ಯಾಡು ಕೂರಿಸಲು 80ರಿಂದ 30ಕ್ಕೆ ಹತ್ತು ಹನ್ನೆರಡು ಸಲ ಇಳಿಸಿ, ಆಮೇಲೆ ಪೆಡಲ್ ಮೇಲೆ ಕಾಲಿಡದೆ ತಣಿಸಬೇಕು. ಬಿಸಿ ಡಿಸ್ಕಿನ ಮೇಲೆ ಪ್ಯಾಡು ಒತ್ತಿಕೊಂಡೇ ನಿಂತರೆ ಅಲ್ಲೊಂದು ಮಚ್ಚೆ ಬಿದ್ದು ಪೆಡಲ್ ನಡುಗಲು ಶುರುವಾಗುತ್ತದೆ. 5 ಕಿ.ಮೀ.ಗೆ ಒಮ್ಮೆ, 15ಕ್ಕೆ ಒಮ್ಮೆ ಬೋಲ್ಟುಗಳ ಬಿಗಿ ನೋಡುವುದು: ಚಕ್ರದ ನಟ್ಟು, ಸಬ್‌ಫ್ರೇಮ್, ಲೋಯರ್ ಆರ್ಮ್, ಸ್ಟ್ರಟ್ಟಿನ (ಸ್ಪ್ರಿಂಗ್, ಡ್ಯಾಂಪರ್ ಕೂಡಿದ ಕಂಬ) ಮೇಲ್ತುದಿ, ಗಾರ್ಡ್. ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹಕ್ಕೆ ಬಿಳಿ ಬಣ್ಣದ ಗೆರೆ ಎಳೆದಿರುತ್ತಾರೆ, ಗೆರೆ ಮುರಿದಿದ್ದರೆ ಬೋಲ್ಟು ತಿರುಗಿದೆ ಎಂದರ್ಥ. ಬಲ ಮುಂದಿನ ಸ್ಟ್ರಟ್ಟಿನ ಮೇಲಿನ ಎರಡು ಗೆರೆ ಮುರಿದಿದ್ದವು. ನಟ್ಟು ಕೆಟ್ಟದ್ದಲ್ಲ, ಬಿಗಿ ಮಾಡಿದವನದೂ ತಪ್ಪಲ್ಲ. ಹೊಸದಾಗಿ ಬಣ್ಣ ಹೊಡೆದ ಬಾಡಿಯಲ್ಲಿ ವಾಷರಿನಡಿ ಬಣ್ಣದ ಪದರ ಉಳಿದಿತ್ತು. ಹೊಡೆತಕ್ಕೆ ಅದು ನಜ್ಜಾಗಿ ತೆಳುವಾದಾಗ ಬಿಗಿ ತಾನಾಗಿ ಸಡಿಲವಾಗುತ್ತದೆ. ವಾಷರ್ ಕೂರುವಷ್ಟು ಜಾಗದಲ್ಲಿ ಬಣ್ಣ ಕೆರೆದು ಮತ್ತೆ ಬಿಗಿದರೆ ಮುಗಿಯಿತು. ಇದೊಂದು ಸಣ್ಣ ಸಂಗತಿ ಬುಧವಾರ ಗೊತ್ತಾಗದಿದ್ದರೆ ಗುರುವಾರ ದೊಡ್ಡದಾಗುತ್ತಿತ್ತು.

ಮಧ್ಯಾಹ್ನದ ಊಟ ಕಣದ ಪಕ್ಕದ ಮನೆಯಲ್ಲೇ ಹೇಳಿಸಿತ್ತು. ಮುದ್ದೆ, ಹಿತಕಿದ ಬೇಳೆ ಸಾರು. ಸೊಗಡಿನ ಅವರೆಗೆ ಈ ತಿಂಗಳು ಬಿಟ್ಟರೆ ಮುಂದಿನ ವರ್ಷವೇ, ಆದ್ದರಿಂದ ಯಾರೂ ಬೇಡವೆನ್ನಲಿಲ್ಲ. ಎರಡು ಗಂಟೆಗೆ ಕಾರಿಗೆ ಕೂರಬೇಕಾದ ಡ್ರೈವರಿಗೆ ಮಾತ್ರ ಅರ್ಧ ಮುದ್ದೆ. ಐದು ಪಟ್ಟಿಯ ಬೆಲ್ಟು ಬಿಗಿದ ಹೊಟ್ಟೆಗೆ ಇಡೀ ಮುದ್ದೆ ತಡೆಯುವುದಿಲ್ಲ. ಬಾವುಟ ಹಿಡಿದಿದ್ದ ಕಾಲೇಜು ಹುಡುಗನೊಬ್ಬ ಗೌರವ್ ಗಿಲ್ ಹೆಸರೆತ್ತಿದ. ಗಿಲ್ 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆದದ್ದು, ಸ್ಕೋಡಾ ಓಡಿಸಿದ್ದು, 2019ರಲ್ಲಿ ಅರ್ಜುನ ಪ್ರಶಸ್ತಿ ಬಂದದ್ದು, ಎಲ್ಲ ಅವನಿಗೆ ಬಾಯಿಪಾಠ. “ಈ ಕಾರು ಅದಕ್ಕಿಂತ ಜೋರಾ ಅಣ್ಣ?” ಅಂದ. ಆ ಕಾರಿಗೆ ನಾಲ್ಕೂ ಚಕ್ರಕ್ಕೆ ಎಳೆತ, ಇದಕ್ಕೆ ಎರಡಕ್ಕೇ ಎಂದು ಕೇಳಿ ಸ್ವಲ್ಪ ಮಂಕಾದ.

ಮಧ್ಯಾಹ್ನ ಕಾರಿಗೆ ಒಂದು ಸ್ಪಾನರ್ ಕೂಡ ಮುಟ್ಟಿಸದೆ ಆರು ಓಟ. ಟೈರು ಮೊದಲೇ 10 ಕಿ.ಮೀ. ಓಡಿಸಿದ್ದು, ಹೊಸ ಟೈರಿನ ಮೊದಲ ಓಟ ಸುಳ್ಳು ಹೇಳುತ್ತದೆ. ಪೆಟ್ರೋಲು 25ರಿಂದ 35 ಲೀಟರಿನೊಳಗೇ ಇರಬೇಕು, ತೂಕ ಬದಲಾದರೆ ಹೋಲಿಕೆ ಕೆಟ್ಟಿತು. ಮೊದಲ ಓಟ 3 ನಿಮಿಷ 58 ಸೆಕೆಂಡ್, ಆರನೆಯದು 3.51. ಏನೂ ಮಾಡದೆ ಏಳು ಸೆಕೆಂಡ್! ಕಾರು ಚುರುಕಾಗಿರಲಿಲ್ಲ, ರಸ್ತೆ ಗುಡಿಸಿಕೊಂಡಿತ್ತು. ಪ್ರತಿ ಓಟಕ್ಕೂ ಗೋಲಿಗರಸು ಅಂಚಿಗೆ ಹಾರಿ, ಕಾರು ಹೋಗುವ ಜಾಡಿನಲ್ಲಿ ಗಟ್ಟಿ ನೆಲ ತೇಲಿ ಬರುತ್ತದೆ. ಇನ್ನೊಂದು ಹತ್ತು ಓಟವಾದರೆ ಹೇರ್‌ಪಿನ್ನಿನ ಒಳಗೆ ಗುಂಡಿ ಬಿದ್ದು ಟೈಮು ಹಿಂದಕ್ಕೆ ಬರುತ್ತದೆ. ಆರು ಓಟದ ನಡುವೆ ಯಾರಾದರೂ ಸ್ಪ್ರಿಂಗ್ ಬದಲಾಯಿಸಿದ್ದರೆ ಆ ಏಳು ಸೆಕೆಂಡ್ ಸ್ಪ್ರಿಂಗಿನ ಖಾತೆಗೆ ಜಮೆಯಾಗುತ್ತಿತ್ತು, ತಪ್ಪು ಸ್ಪ್ರಿಂಗ್ ಹಾಕಿಕೊಂಡು ಇಡೀ ಸೀಸನ್ ಓಡಬೇಕಾಗುತ್ತಿತ್ತು. ಮಾಂಟೆ ಕಾರ್ಲೊ ರ‍್ಯಾಲಿಗೆ ಮುಂಚೆ ಫ್ರಾನ್ಸಿನ ಗ್ಯಾಪ್ ಸುತ್ತಲಿನ ಬೆಟ್ಟದಲ್ಲಿ ದೊಡ್ಡ ಕಂಪನಿಗಳು ಒಂದೇ ತುಂಡು ರಸ್ತೆಯಲ್ಲಿ ದಿನವಿಡೀ ಮೇಲೆ ಕೆಳಗೆ ಹೋಗುವಾಗಲೂ ಇದೇ ಲೆಕ್ಕ. ಅಲ್ಲಿ ಮಂಜುಗಡ್ಡೆ ಕರಗುತ್ತದೆ, ಇಲ್ಲಿ ಗರಸು ಹಾರುತ್ತದೆ.

ಗುರುವಾರ: ಒಂದು ಸಲಕ್ಕೆ ಒಂದೇ

ಬೆಳಗಿನ ಇಬ್ಬನಿ ಎಂಟೂವರೆಯವರೆಗೆ ಧೂಳನ್ನು ಒತ್ತಿ ಹಿಡಿದಿರುತ್ತದೆ. ಆ ಒಂದು ಗಂಟೆಯಲ್ಲಿ ಓಡಿಸಬೇಕೆಂದು ಡ್ರೈವರಿನ ಕಾಲು ತುರಿಸುತ್ತದೆ, ಆದರೆ ಹಾಲಿನ ಕ್ಯಾನುಗಳು ಅದೇ ಹೊತ್ತಿಗೆ ಬರುತ್ತವೆ. ಒಳ್ಳೆಯದೇ ಆಯಿತು; ಇಬ್ಬನಿ ಆರುವಾಗ ಹಿಡಿತ ನಿಮಿಷಕ್ಕೊಂದು ಥರ, ಆ ಹೊತ್ತಿನ ಟೈಮು ಯಾವುದಕ್ಕೂ ಹೋಲಿಸಲು ಬಾರದು.

ಒಂಬತ್ತಕ್ಕೆ ಬಾವುಟ ಎತ್ತುವ ಮೊದಲೇ ಎರಡನೇ ತಿರುವಿನ ತೋಟದಿಂದ ಒಬ್ಬ ಹೆಂಗಸು ಬಂದು ರಸ್ತೆ ಮಧ್ಯೆ ನಿಂತರು. “ನಿನ್ನೆ ಧೂಳೆಲ್ಲ ಸೊಪ್ಪಿನ ಮೇಲೆ ಕೂತೈತೆ. ಹುಳ ನಾಲ್ಕನೇ ಜ್ವರ ಎದ್ದವೆ. ಇದನ್ನ ಹಾಕಿದ್ರೆ ತಿಂತಾವಾ?” ಹಿಪ್ಪುನೇರಳೆ ತೋಟ, ಅದೂ ರಸ್ತೆಗೆ ತಾಗಿಕೊಂಡು. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಕೊನೆಯ ಹಂತ, ಕಳೆದ ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ಮೇಯುವುದು ಈ ಒಂದು ವಾರವೇ ಹೆಚ್ಚು. ಧೂಳು ಕೂತ ಸೊಪ್ಪು ಹಾಕಿದರೆ ಸರಿಯಾಗಿ ತಿನ್ನದು, ರೋಗವೂ ಬರಬಹುದು. ಮಂಗಳವಾರ ರಸ್ತೆ ನಡೆದಾಗ ಕಲ್ಲು, ಮೋರಿ, ಅಡ್ಡದಾರಿ ಎಲ್ಲ ಬರೆದುಕೊಂಡಿದ್ದರೂ ತೋಟದಲ್ಲಿ ಏನಿದೆ ಎಂದು ಯಾರೂ ಬರೆದಿರಲಿಲ್ಲ. “ತಪ್ಪಾಯ್ತಕ್ಕ, ನೀರು ಹೊಡೆಸ್ತೀವಿ” ಎಂದು ಟ್ರ್ಯಾಕ್ಟರ್ ಟ್ಯಾಂಕರ್ ತರಿಸಿ ತೋಟದ ಉದ್ದಕ್ಕೂ 400 ಮೀಟರ್ ತೋಯಿಸಿದ್ದಾಯಿತು, ಮೂರು ಓಟಕ್ಕೊಮ್ಮೆ ಮತ್ತೆ. ಧೂಳು ಕೂತ ಸಾಲುಗಳಿಗೂ ಸ್ಪ್ರೇಯರಿನಲ್ಲಿ ನೀರು. ರೇಷ್ಮೆ ಸೀಮೆಯಲ್ಲಿ ಟೆಸ್ಟ್ ಮಾಡುವವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು. ತೋಯ್ದ ತುಂಡಿನಲ್ಲಿ ಹಿಡಿತ ಬೇರೆಯಾಗುವುದರಿಂದ ಜಿಪಿಎಸ್ ಲಾಗರಿನಲ್ಲಿ ಆ 400 ಮೀಟರನ್ನು ಕತ್ತರಿಸಿ, ಉಳಿದ 4.8 ಕಿ.ಮೀ. ಮಾತ್ರ ಹೋಲಿಸಿದರು.

ಇನ್ನು ಕೆಲಸ. ಮೂಲ ಸೆಟಪ್ಪಿನಲ್ಲಿ ಎರಡು ಓಟ, ಒಂದೇ ಒಂದು ಬದಲಾವಣೆ ಮಾಡಿ ಮೂರು ಓಟ, ಮತ್ತೆ ಮೂಲಕ್ಕೆ ಎರಡು. ಹಿಂದಿನ ಮೂಲಕ್ಕೂ ಈಗಿನ ಮೂಲಕ್ಕೂ ಮೂರು ಸೆಕೆಂಡ್ ವ್ಯತ್ಯಾಸವಿದ್ದರೆ ಅದು ರಸ್ತೆಯದು, ಅಷ್ಟನ್ನು ಕಳೆದು ಉಳಿದದ್ದು ಕಾರಿನದು. ಬೇಸರದ ಕೆಲಸ. ತಂಡಗಳು ಜಾರುವುದು ಇಲ್ಲೇ. ಮಧ್ಯಾಹ್ನವಾಗುತ್ತಿದ್ದಂತೆ “ಸ್ಪ್ರಿಂಗೂ ಹಾಕಿ, ಕ್ಲಿಕ್ಕೂ ತಿರುಗಿಸಿ, ಟೈಮ್ ಉಳಿಯುತ್ತೆ” ಅನ್ನುವ ಮಾತು ಬರುತ್ತದೆ.

ಮೊದಲು ಗಾಳಿ, ಅದು ಬಿಟ್ಟಿ ಬದಲಾವಣೆ. 26ರಿಂದ 24ಕ್ಕೆ ಇಳಿಸಿದಾಗ ಬ್ರೇಕಿನಲ್ಲಿ ಕಚ್ಚುವಿಕೆ ಹೆಚ್ಚಿತು, ಬಿಸಿಯಾದಾಗ 29ಕ್ಕೆ ಏರಿತು. 22ಕ್ಕೆ ಇಳಿಸಿದ್ದು ಅತಿಯಾಸೆ: ಹದಗೆಟ್ಟ ತುಂಡಿನಲ್ಲಿ ಕಲ್ಲು ಟೈರನ್ನು ಚಪ್ಪಟೆ ಮಾಡಿ ರಿಮ್ಮಿನ ತುಟಿ ಬಗ್ಗಿಸಿತು. ಗಾಳಿ ಅಳೆಯುವಾಗ ಕಾರನ್ನು ನೆರಳಿಗೆ ತರಬೇಕು, ಬಿಸಿಲ ಕಡೆಯ ಟೈರು ಹೆಚ್ಚು ತೋರಿಸುತ್ತದೆ. ಹುಣಸೆ ಮರವೊಂದು ಆ ಕೆಲಸಕ್ಕೆ ಮೀಸಲಾಯಿತು.

ಆಮೇಲೆ ಡ್ಯಾಂಪರ್. ಹದಗೆಟ್ಟ ತುಂಡಿನ ಮೊದಲ ನೂರು ಮೀಟರ್ ಕಾರು ಚೆನ್ನಾಗಿ ಹೋಗಿ, ಕೊನೆಯ ನೂರರಲ್ಲಿ ಗಾರ್ಡ್ ನೆಲಕ್ಕೆ ಬಡಿಯುತ್ತಿತ್ತು. ಸ್ಪ್ರಿಂಗ್ ಮೆತ್ತಗಾಯಿತೆಂದು ಅನ್ನಿಸುವುದು ಸಹಜ. ಲಾಗರಿನ ಗೆರೆ ಬೇರೆಯೇ ಹೇಳಿತು: ಚಕ್ರ ಒಂದು ಉಬ್ಬಿಗೆ ಮೇಲೆ ಹೋದದ್ದು ಪೂರ್ತಿ ಕೆಳಗಿಳಿಯುವ ಮುನ್ನ ಮುಂದಿನ ಉಬ್ಬು ಬರುತ್ತಿದೆ. ರಿಬೌಂಡ್, ಅಂದರೆ ಚಕ್ರ ಕೆಳಗಿಳಿಯುವಾಗ ಡ್ಯಾಂಪರ್ ಒಡ್ಡುವ ತಡೆ, ಬಿಗಿ ಜಾಸ್ತಿ, ಹಾಗಾಗಿ ಪ್ರತಿ ಉಬ್ಬಿಗೂ ಕಾರು ಚೂರು ಚೂರೇ ಕುಸಿಯುತ್ತ ಹೋಗುತ್ತದೆ. ಇದಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿದ್ದರೆ ಕಾರು ಕುಣಿಯುತ್ತಿತ್ತು, ರೋಗ ಹಾಗೇ ಉಳಿಯುತ್ತಿತ್ತು. ಹಿಂದೆ ಮುಂದೆ ಎರಡೂ ಕಡೆ ಡ್ಯಾಂಪರಿನ ತಿರುಪನ್ನು ಮೂರು ಕ್ಲಿಕ್ ಸಡಿಲಿಸಿದ ಮೇಲೆ ಬಡಿತ ನಿಂತಿತು.

ಹನ್ನೊಂದೂಕಾಲಿಗೆ ಕಾರು ಫಿನಿಶ್ ತಲುಪಲಿಲ್ಲ. ವಾಕಿಟಾಕಿಯಲ್ಲಿ ದಿಬ್ಬದ ಹುಡುಗ, “ಹಾರಿತಣ್ಣ, ಇಳೀತು, ನಿಂತೋಯ್ತು” ಅಂದ. ಎಡ ಡ್ರೈವ್‌ಶಾಫ್ಟ್ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಎಳೆತ ಒಯ್ಯುವ ದಂಡ) ಒಳ ಜಾಯಿಂಟ್ ಕಪ್ಪಿನಿಂದ ಹೊರಬಂದು, ಅದರ ರಬ್ಬರ್ ಬೂಟು ಹರಿದು, ಗ್ರೀಸು ಗಾರ್ಡಿನ ತುಂಬ. ಡಿಫರೆನ್ಷಿಯಲ್ ಎಳೆತ ಬಲಕ್ಕೂ ಸರಿಯಾಗಿ ಹೋಗದೆ ಕಾರು ಅಲ್ಲೇ ಕೂತಿತ್ತು. ಶಾಫ್ಟ್ ಬದಲಾಯಿಸಲು 35 ನಿಮಿಷ ಸಾಕಾಯಿತು, ಕಾರಣ ತಿಳಿಯಲು ಎರಡು ಗಂಟೆ. ಗೇರ್‌ಬಾಕ್ಸ್ ಎಡಕ್ಕಿರುವ ಕಾರಿನಲ್ಲಿ ಎಡ ಶಾಫ್ಟ್ ಗಿಡ್ಡ. ಚಕ್ರ ಅಷ್ಟೇ ಇಳಿದರೂ ಗಿಡ್ಡ ಶಾಫ್ಟಿನ ಓರೆ ಹೆಚ್ಚು. ಹೊಸ ಡ್ಯಾಂಪರ್ ಹಳೆಯದಕ್ಕಿಂತ ಉದ್ದಕ್ಕೆ ಚಾಚುತ್ತದೆ. ಕಾರ್ಖಾನೆಯಲ್ಲಿ ಚಕ್ರ ನೇತುಬಿಟ್ಟು ಅಳೆದಾಗ ಜಾಯಿಂಟಿನಲ್ಲಿ ಇನ್ನೂ 4 ಮಿ.ಮೀ. ಉಳಿದಿತ್ತು, ಸಾಕೆಂದುಕೊಂಡಿದ್ದರು. ಆದರೆ ಅಲ್ಲಿ ಇಂಜಿನ್ ಓಡುತ್ತಿರಲಿಲ್ಲ. ಗಾಳಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಹೊರಳಿ ಗೇರ್‌ಬಾಕ್ಸನ್ನೂ ಎಳೆದೊಯ್ಯುತ್ತದೆ; ಉಳಿದ 4 ಮಿ.ಮೀ. ಅದಕ್ಕೇ ಖರ್ಚು. ಕಣಕ್ಕೆ ತಂದು, ಚಕ್ರ ನೇತುಬಿಟ್ಟು, ಸ್ಟಿಯರಿಂಗ್ ಎರಡೂ ಕೊನೆಗೆ ತಿರುಗಿಸಿ, ಹಾರೆಯಲ್ಲಿ ಇಂಜಿನ್ ಮೀಟಿ ನೋಡಿದಾಗ ಕಣ್ಣೆದುರೇ ಜಾಯಿಂಟ್ ತುದಿಗೆ ಬಂತು. ಡ್ಯಾಂಪರ್ ಬಿಚ್ಚಿ ರಾಡಿಗೆ 10 ಮಿ.ಮೀ. ಸ್ಪೇಸರ್ ಹಾಕಿ, ನೈಟ್ರೋಜನ್ ತುಂಬಿ, ಇಂಜಿನ್ನಿಗೆ ಗಟ್ಟಿ ಪಾಲಿಯುರೆಥೇನ್ ಮೌಂಟ್ ಕೊಟ್ಟ ಮೇಲೆ ಸರಿಹೋಯಿತು. ಹಾರುವಾಗ ಕಾಲು ತೆಗೆಯಬೇಕೆಂದು ಡ್ರೈವರಿಗೂ ಹೇಳಿದರು. ಗಾಳಿಯಲ್ಲಿ ಜೋರಾಗಿ ತಿರುಗುವ ಚಕ್ರ ನೆಲ ಮುಟ್ಟಿದ ಕ್ಷಣ ಆ ಹೊಡೆತವೆಲ್ಲ ಶಾಫ್ಟಿಗೇ. ಅವರು ಒಪ್ಪಿದರು, ಒಲ್ಲದ ಮನಸ್ಸಿನಿಂದ.

ಸಂಜೆ ವಾಪಸ್ ಬರುವಾಗ ಇನ್ನೊಂದು ಎಡವಟ್ಟು. ಟೆಸ್ಟ್ ರಸ್ತೆಯಿಂದ ಕಣಕ್ಕೆ ಬರುವ ಟಾರ್ ರಸ್ತೆಯಲ್ಲಿ ಒಬ್ಬರು ಹುರುಳಿ ಹರಡಿದ್ದರು, ಬಸ್ಸು ಲಾರಿ ತುಳಿದು ಒಕ್ಕಣೆಯಾಗಲೆಂದು. ಲಾರಿಯಡಿ ಅದು ಸುಮ್ಮನಿರುತ್ತದೆ. ತಗ್ಗಿನ ಹೊಟ್ಟೆಯ ರ‍್ಯಾಲಿ ಕಾರು ಹೋದರೆ ಒಣ ಬಳ್ಳಿ ಗಾರ್ಡಿನ ಮೇಲೆ ಸೇರಿಕೊಂಡು ಕೆಂಡದಂಥ ಎಕ್ಸಾಸ್ಟಿಗೆ ತಾಗುತ್ತದೆ. ನೂರು ಮೀಟರಿನಲ್ಲೇ ಹೊಗೆ. ಕೋ-ಡ್ರೈವರ್ ಅಗ್ನಿಶಾಮಕದ ಪಿನ್ ಎಳೆದಾಗಿತ್ತು, ಪುಣ್ಯಕ್ಕೆ ಕೈಯಲ್ಲೇ ಎಳೆದು ತೆಗೆದರೆ ಸಾಕಾಯಿತು. ಡಿಸೆಂಬರಿನಿಂದ ಫೆಬ್ರವರಿವರೆಗೆ ಈ ಸೀಮೆಯ ಟಾರ್ ರಸ್ತೆಯಲ್ಲಿ ರ‍್ಯಾಲಿ ಕಾರನ್ನು ಓಡಿಸಿಕೊಂಡು ಹೋಗದೆ ಲಾರಿಗೆ ಹತ್ತಿಸಿಯೇ ಸಾಗಿಸಬೇಕು. ಹುರುಳಿಯವರಿಗೆ ನಷ್ಟವೆಷ್ಟೆಂದು ಕೇಳಿದರೆ, “ಬಿಡ್ರಣ್ಣ, ನಿಮ್ ಕಾರ್ ಚೆನ್ನಾಗಿ ಒಕ್ತು” ಎಂದು ನಕ್ಕರು.

ಶುಕ್ರವಾರ: ಪಾವಗಡದ ಕಲ್ಲು

ಮಿಡಿಗೇಶಿ ದಾಟಿ ಪಾವಗಡದತ್ತ. ಶನಿವಾರ ಪಾವಗಡಕ್ಕೆ ಹೋಗುವುದಾದರೆ ಶನಿಮಹಾತ್ಮನ ದೇವಸ್ಥಾನದ ಜನಸಂದಣಿ ಲೆಕ್ಕ ಹಾಕಿಕೊಂಡೇ ಹೊರಡಬೇಕು; ಒರಟು ರಸ್ತೆಯ ಟೆಸ್ಟ್ ಶುಕ್ರವಾರಕ್ಕೆ ಇಟ್ಟದ್ದು ಅದಕ್ಕೆ. ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರ. ರಸ್ತೆ ಆರಿಸುವಾಗ ಗಡಿ ಎಲ್ಲಿ ಹಾದಿದೆ ನೋಡಿಕೊಳ್ಳದಿದ್ದರೆ ತಹಶೀಲ್ದಾರರ ಕಾಗದ ಅರ್ಧ ದಾರಿಯಲ್ಲಿ ಕೆಲಸಕ್ಕೆ ಬಾರದಂತಾಗುತ್ತದೆ. ತಿರುಮಣಿ ಕಡೆಗೆ ಹೋಗುವ ಯೋಚನೆಯನ್ನೂ ಬಿಡಲಾಯಿತು. ಅಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್. ಫಲಕದ ಮೇಲೆ ಧೂಳೆಬ್ಬಿಸುವವರನ್ನು ಯಾರು ಕರೆದಾರು? ಟೀ ಅಂಗಡಿಯಾಕೆ ಮಾತ್ರ ಕಾರು ನೋಡಿದ ಕೂಡಲೇ, “ಏಮಣ್ಣಾ, ಇದು ಸೋಲಾರ್ನೋರ ಗಾಡೀನಾ?” ಎಂದರು. ಬೇಯಿಸಿದ ಕಡಲೆಕಾಯಿ ಬಿಸಿಯಾಗಿತ್ತು.

ಇಲ್ಲಿ ಟೈಮು ಯಾರಿಗೂ ಬೇಡ. 6 ಕಿ.ಮೀ. ಕಲ್ಲುದಾರಿಯಲ್ಲಿ ಹತ್ತು ಸಲ, ಒಟ್ಟು 60 ಕಿ.ಮೀ., ಏನು ಮುರಿಯುತ್ತದೆ ನೋಡುವುದು. ನಾಲ್ಕನೇ ಓಟಕ್ಕೆ ಹಿಂದಿನ ಎಡ ಟೈರಿನ ಪಕ್ಕ ಸೀಳಿತು. ರಸ್ತೆಯಲ್ಲೇ ಚಕ್ರ ಬದಲಾಯಿಸುವ ಅಭ್ಯಾಸಕ್ಕೂ ಇದೇ ಸರಿಯೆಂದು ಗಡಿಯಾರ ಒತ್ತಿದರು. ಜಾಕ್ ಎತ್ತುವ ಮುಂಚೆ ನಟ್ಟು ಸಡಿಲ, ಆಮೇಲೆ ಜಾಕ್, ಚಕ್ರ, ಕೈಯಲ್ಲಿ ನಟ್ಟು, ಇಳಿಸಿ ಬಿಗಿ. ಮೊದಲ ಸಲ ನಾಲ್ಕು ನಿಮಿಷ ದಾಟಿತು, ಜಾಕಿನ ಪಾದ ಮಣ್ಣಿನೊಳಗೆ ಇಳಿದದ್ದರಿಂದ. ಅಂಗೈ ಎರಡರಷ್ಟು ಅಗಲದ ಅಲ್ಯೂಮಿನಿಯಂ ತಟ್ಟೆಯನ್ನು ಜಾಕಿಗೇ ಬೋಲ್ಟ್ ಮಾಡಿದ ಮೇಲೆ ಎರಡೂವರೆ ನಿಮಿಷ.

ಧೂಳು ಬೇರೆ ಕತೆ. ಮಧುಗಿರಿ ಗರಸು ಕಣ್ಣಿಗೆ ಬೀಳುವಂಥದ್ದು, ಇಲ್ಲಿಯದು ಹಿಟ್ಟು. ಸಫಾರಿ ರ‍್ಯಾಲಿ 2021ರಲ್ಲಿ ವಿಶ್ವ ಚಾಂಪಿಯನ್‌ಶಿಪ್ಪಿಗೆ ಮರಳಿದ ಮೇಲೆ ಕೀನ್ಯಾದ ಧೂಳು, ನೀರಿಗೆ ಹೆದರಿ ಕಾರುಗಳು ಬಾನೆಟ್ ಪಕ್ಕ ಸ್ನಾರ್ಕೆಲ್ ಎಂಬ ಗಾಳಿ ಎಳೆಯುವ ಎತ್ತರದ ಕೊಳವೆ ಏರಿಸಿಕೊಂಡವು. ಇಲ್ಲಿ ಅಷ್ಟು ಬೇಡ, ಫಿಲ್ಟರ್ ಡಬ್ಬಿ ಸರಿಯಾಗಿ ಮುಚ್ಚಿದ್ದರೆ ಸಾಕು. ಮುಚ್ಚಿದೆಯೇ ಎಂದು ತಿಳಿಯುವ ಉಪಾಯ ಅಗ್ಗದ್ದು: ಫಿಲ್ಟರಿನಾಚೆ, ಟರ್ಬೊ ಕಡೆಯ ಪೈಪಿನೊಳಗೆ ಒಂದು ಬೆರಳು ಗ್ರೀಸ್ ಸವರಿ 20 ಕಿ.ಮೀ. ಓಡಿಸುವುದು. ಬಿಚ್ಚಿ ನೋಡಿದರೆ ಗ್ರೀಸು ಬೆಳ್ಳಗೇ ಇರಬೇಕು. ಇದು ಕೆಂಪಗಾಗಿತ್ತು. ಡಬ್ಬಿಯ ಪ್ರಿಂಟ್ ಮಾಡಿದ ಪ್ಲಾಸ್ಟಿಕ್ ಮುಚ್ಚಳ ಇಂಜಿನ್ ಶಾಖಕ್ಕೆ ಒಂದು ಮೂಲೆಯಲ್ಲಿ ಬಾಗಿ, ಕಾಗದ ತೂರುವಷ್ಟು ಬಿರುಕು ಬಿಟ್ಟಿತ್ತು. ಅಷ್ಟು ಸಾಕು, ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಟರ್ಬೊ ರೆಕ್ಕೆಯ ಅಂಚನ್ನು ಆ ಹಿಟ್ಟು ಮರಳು ಕಾಗದದಂತೆ ತಿನ್ನುತ್ತದೆ, ಆಮೇಲೆ ಪಿಸ್ಟನ್ ರಿಂಗಿನ ಸರದಿ. ಫೋಮ್ ಗ್ಯಾಸ್ಕೆಟ್, ಅದರ ಮೇಲೆ ಗ್ರೀಸು, ಮೂಲೆಗೊಂದು ಹೆಚ್ಚಿನ ಕ್ಲಿಪ್. ಮತ್ತೆ 20 ಕಿ.ಮೀ., ಮತ್ತೆ ಬೆರಳು. ಬೆಳ್ಳಗಿತ್ತು. ಮುಚ್ಚಳವನ್ನು ಅಲ್ಯೂಮಿನಿಯಮ್ಮಿನಲ್ಲಿ ಮಾಡಿಸಬೇಕೆಂದು ಪಟ್ಟಿಗೆ ಸೇರಿತು.

ಬಿಸಿಲೇರಿದಾಗ ನೀರಿನ ಶಾಖ 96ರಿಂದ 107 ಡಿಗ್ರಿಗೆ ಹತ್ತಿತು. ರೇಡಿಯೇಟರ್ ತುಂಬ ಹುಲ್ಲಿನ ಬೀಜ. ಗಾಳಿ ಹೊಡೆಯುವುದು ಯಾವತ್ತೂ ಇಂಜಿನ್ ಕಡೆಯಿಂದ ಹೊರಕ್ಕೆ. ಮುಂದಿನಿಂದ ಹೊಡೆದರೆ ಬೀಜ ಇನ್ನೂ ಒಳಗೆ ಕೂರುತ್ತದೆ. ಗ್ರಿಲ್ಲಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿದ ಮೇಲೆ ಉಳಿದ ಓಟಗಳಲ್ಲಿ 100 ದಾಟಲಿಲ್ಲ.

ಶನಿವಾರ ಬೆಳಿಗ್ಗೆ

ಮಧುಗಿರಿ ರಸ್ತೆಗೆ ಜೆಸಿಬಿ ಏಳಕ್ಕೇ ಬಂತು. ಹೇರ್‌ಪಿನ್ ಒಳಗಿನ ಗುಂಡಿಗಳಿಗೆ ಆರು ಲೋಡು ಗರಸು, ನೀರು, ಮೇಲೆ ರೋಲರ್. ಅಂಚಿಗೆ ಹಾರಿದ ಹರಳನ್ನು ಮತ್ತೆ ನಡುವಿಗೆ ಎಳೆದು ಕೂರಿಸಿದರು. ಟೆಸ್ಟಿನ ಖರ್ಚಿನಲ್ಲಿ ಇದನ್ನು ಮೊದಲೇ ಬರೆದಿಡದ ತಂಡಕ್ಕೆ ಎರಡನೇ ಸಲ ಆ ಊರು ಸಿಗುವುದಿಲ್ಲ. ಅಜ್ಜ ಕುರಿಗಳೊಂದಿಗೆ ಬಂದವರು ದಿಬ್ಬದವರೆಗೆ ನಡೆದು ನೋಡಿ, “ಆ ಮೋರಿ ತಾವ ಇನ್ನೊಂದ್ ಲೋಡ್ ಹಾಕ್ಸಿ” ಎಂದರು. ಹಾಕಿಸಿದ್ದಾಯಿತು. ರೇಷ್ಮೆ ತೋಟದಾಕೆ, ಹುಳ ಚೆನ್ನಾಗಿ ಮೇಯುತ್ತಿವೆ ಎಂದಷ್ಟೇ ಹೇಳಿ ಒಳಗೆ ಹೋದರು.

ಲಾರಿಗೆ ಹತ್ತಿಸುವ ಮುನ್ನ ಕಣದಲ್ಲಿ ಕೊನೆಯ ಸಲ ಗಾರ್ಡ್ ಬಿಚ್ಚಿದರು. ಗಾರ್ಡಿಗೂ ಇಂಜಿನ್ನಿನ ಎಣ್ಣೆ ಸಂಪಿಗೂ ನಡುವೆ ಒತ್ತಿ ಕೂತ ಗರಸು ಒಂದು ಪುಟ್ಟಿ ತುಂಬ, ಅದರೊಳಗೆ ಸುಟ್ಟ ಬಳ್ಳಿ, ಹುಲ್ಲಿನ ಬೀಜ, ಒಂದು ಹಿಡಿ ಹುರುಳಿ. ಕಣದ ಮನೆಯ ಹುಡುಗಿ ಹುರುಳಿಯನ್ನು ಆರಿಸಿ ಮೊರಕ್ಕೆ ಹಾಕಿಕೊಂಡಳು. ಗರಸನ್ನು ತೂಗಿ ಬರೆದುಕೊಂಡರು: 3 ಕಿಲೊ 400 ಗ್ರಾಂ.